ಹುಡುಗ ಸುಮ್ನೆ ಸಿಗ್ತಾನೆ, ಹುಡುಗಿಗೆ ಮಾತ್ರ ಕಾಯಿನ್ ಯಾಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಗಳು ಏಳನೇ ಕ್ಲಾಸ್. ರಜೆಯಲ್ಲಿ ನನ್ನ ಫೋನ್‌ನಲ್ಲಿ ಓಡುವ ಗೇಮ್ ಆಡುತ್ತಾಳೆ. ಮೊನ್ನೆ ಕೇಳಿದಳು, "ಅಮ್ಮಾ, ಹುಡುಗ ಸುಮ್ನೆ ಸಿಗ್ತಾನೆ, ಹುಡುಗಿ ಬೇಕಂದ್ರೆ ಕಾಯಿನ್ ಕೇಳತ್ತೆ, ಯಾಕೆ?" ನನಗೆ ಉತ್ತರ ತೋಚಲಿಲ್ಲ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗನನ್ನು ಕೇಳಿದೆ. "ಚಿಕ್ಕಮ್ಮ, ಹುಡುಗಿ ಹೀರೋ ಇಟ್ರೆ ಗೇಮ್ ಸೇಲ್ ಆಗಲ್ಲ, ಮಾಡೋದಕ್ಕೂ ಡಬಲ್ ಖರ್ಚು" ಅಂದ. ಇದು ನಿಜಾನಾ? ಅವಳಿಗೆ ಯಾವ ಗೇಮ್ ಕೊಡಬಹುದು? ಇನ್ನೊಂದು, ಅವಳಿಗೆ ಕೆಳದಿ ಚೆನ್ನಮ್ಮನ ಗೇಮ್ ತಾನೇ ಮಾಡಬೇಕು ಅಂತ ಆಸೆ. ಈ ವಯಸ್ಸಿಗೆ ಆಗುವ ಕೆಲಸವಾ?

ಉತ್ತರ: ನಿಮ್ಮ ಮಗಳು ವಿಷಯದ ತಿರುಳನ್ನೇ ಹಿಡಿದಿದ್ದಾಳೆ. ಗೇಮ್‌ಗಳಲ್ಲಿ ಹುಡುಗಿಯರು ಇದ್ದಾರಾ ಅಂತ ಕೇಳಿದರೆ ಇದ್ದಾರೆ. ಆದರೆ ಆಟ ತೆರೆದ ಕೂಡಲೇ ಯಾರು ಎದುರಿಗೆ ನಿಂತಿರುತ್ತಾರೆ, ಯಾರಿಗಾಗಿ ಆಮೇಲೆ ಹುಡುಕಬೇಕು, ದುಡಿಯಬೇಕು ಅನ್ನೋದನ್ನು ನೋಡಿದರೆ ಕಥೆ ಬೇರೆ.

ಟೆಂಪಲ್ ರನ್ ಗೇಮ್‌ನ್ನೇ ತೆಗೆದುಕೊಳ್ಳಿ. 2011ರಲ್ಲಿ ಬಂತು. ಆಟ ಶುರು ಮಾಡಿದರೆ ಓಡುವವನು ಗೈ ಡೇಂಜರಸ್ ಅನ್ನೋ ಗಂಡಸು. ಸ್ಕಾರ್ಲೆಟ್ ಫಾಕ್ಸ್ ಅನ್ನೋ ಹೆಂಗಸು ಬೇಕಂದರೆ 10,000 ಕಾಯಿನ್ ಕೂಡಿಸಬೇಕಿತ್ತು. ಹೊಸದಾಗಿ ಆಡುವ ಮಗು ಒಂದು ಓಟಕ್ಕೆ ನೂರೋ ಇನ್ನೂರೋ ಕಾಯಿನ್ ಸಂಪಾದಿಸಿದರೆ ಹೆಚ್ಚು. ಅಂದರೆ ಅವಳು ಅಷ್ಟೂ ಹೊತ್ತು ಗಂಡಸಾಗಿ ಓಡಿ, ಬಿದ್ದು, ಮತ್ತೆ ಓಡಿ, ಆಮೇಲೆ ತಾನಾಗಬೇಕು. 2012ರ ಸಬ್‌ವೇ ಸರ್ಫರ್ಸ್‌ನಲ್ಲೂ ಹೀಗೇ. ಜೇಕ್ ಅನ್ನೋ ಹುಡುಗ ಮೊದಲೇ ಇರುತ್ತಾನೆ. ಟ್ರಿಕಿ ಅನ್ನೋ ಹುಡುಗಿ ಬೇಕಂದರೆ ದಾರಿಯಲ್ಲಿ ಅವಳ ಟೋಪಿಗಳನ್ನು ಹುಡುಕಿ ಕೂಡಿಸಬೇಕಿತ್ತು.

2015ರಲ್ಲಿ ಅಮೆರಿಕದ 12 ವರ್ಷದ ಹುಡುಗಿಯೊಬ್ಬಳು ಇದನ್ನೇ ಗಮನಿಸಿ ಲೆಕ್ಕ ಹಾಕಿದಳು. ಇಂಥ ಓಡುವ ಗೇಮ್‌ಗಳಲ್ಲಿ ಜನಪ್ರಿಯವಾದ 50ನ್ನು ಡೌನ್‌ಲೋಡ್ ಮಾಡಿ ಒಂದೊಂದನ್ನೂ ನೋಡಿದಳು. ಗಂಡು ಹೆಣ್ಣು ಅಂತ ಗುರುತಿಸಬಹುದಾದ ಪಾತ್ರಗಳಿದ್ದ ಗೇಮ್‌ಗಳಲ್ಲಿ ಶೇ. 98ರಲ್ಲಿ ಹುಡುಗ ಇದ್ದ, ಹುಡುಗಿ ಇದ್ದದ್ದು ಶೇ. 46ರಲ್ಲಿ. ಹುಡುಗನನ್ನು ಉಚಿತವಾಗಿ ಕೊಟ್ಟವು ಶೇ. 90, ಹುಡುಗಿಯನ್ನು ಉಚಿತವಾಗಿ ಕೊಟ್ಟವು ಶೇ. 15. ಹುಡುಗಿ ಪಾತ್ರವನ್ನು ಕೊಳ್ಳಲು ಸರಾಸರಿ ಏಳೂವರೆ ಡಾಲರ್ ಬೇಕಾಗುತ್ತಿತ್ತು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಅವಳ ಲೇಖನ ಬಂದ ಮೇಲೆ, ಉಚಿತವಾಗಿ ಒಬ್ಬ ಹುಡುಗಿಯನ್ನು ಕೊಡುತ್ತೇವೆ ಎಂದು ಟೆಂಪಲ್ ರನ್ ಮಾಡಿದವರು ಒಪ್ಪಿಕೊಂಡರು. ಆ ಕಂಪನಿ ಕಟ್ಟಿದ್ದು ಗಂಡ ಹೆಂಡತಿ ಇಬ್ಬರು. ಹೆಣ್ಣು ಮಕ್ಕಳನ್ನು ದೂರ ಇಡಬೇಕು ಅಂತ ಅವರು ಕೂತು ತೀರ್ಮಾನ ಮಾಡಿರಲಿಕ್ಕಿಲ್ಲ. ಹೀರೋ ಅಂದರೆ ಗಂಡು ಅನ್ನೋದು ಅಷ್ಟು ರೂಢಿಯಾಗಿಬಿಟ್ಟಿದೆ, ಕೈ ತಾನಾಗಿ ಅದನ್ನೇ ಬರೆಯುತ್ತದೆ.

ಈಗ ನಿಮ್ಮ ಅಕ್ಕನ ಮಗನ ಮಾತಿಗೆ ಬರುತ್ತೇನೆ. ಅವನು ತಾನಾಗಿ ಹುಟ್ಟಿಸಿಕೊಂಡು ಹೇಳಿದ್ದಲ್ಲ, ದೊಡ್ಡ ದೊಡ್ಡ ಕಂಪನಿಗಳಲ್ಲಿ ಇದೇ ಮಾತು ಬಹಳ ವರ್ಷ ಓಡಾಡಿದೆ. 2013ರಲ್ಲಿ ಡೋಂಟ್‌ನಾಡ್ ಅನ್ನೋ ಫ್ರೆಂಚ್ ಸ್ಟುಡಿಯೋ ರಿಮೆಂಬರ್ ಮಿ ಅನ್ನೋ ಗೇಮ್ ಮಾಡಿತು, ನಾಯಕಿ ಪ್ರಧಾನ. ಹೆಣ್ಣು ಹೀರೋ ಇದ್ದರೆ ಓಡಲ್ಲ ಅಂತ ಗೇಮ್ ಹೊರತರುವ ಕೆಲವು ಪ್ರಕಾಶಕರು ಮುಖಕ್ಕೇ ಹೇಳಿ ಕಳಿಸಿದ್ದನ್ನು ಅದನ್ನು ಮಾಡಿದವರೇ ಹೇಳಿಕೊಂಡಿದ್ದಾರೆ. ಕೊನೆಗೆ ಕ್ಯಾಪ್‌ಕಾಮ್ ಅನ್ನೋ ಪ್ರಕಾಶಕ ಕಂಪನಿ ಒಪ್ಪಿತು. ಅದೇ ವರ್ಷದ ದಿ ಲಾಸ್ಟ್ ಆಫ್ ಅಸ್ ಗೇಮ್‌ನ ಡಬ್ಬಿಯ ಚಿತ್ರದಲ್ಲಿ 'ಎಲ್ಲೀ' (Ellie) ಅನ್ನೋ ಹುಡುಗಿ ಮುಂದೆ ನಿಂತಿದ್ದಾಳೆ. ಅವಳನ್ನು ಹಿಂದಕ್ಕೆ ಸರಿಸಿ ಅನ್ನೋ ಒತ್ತಡ ಬಂದಿತ್ತು. ಮಾಡಿದವರು ಒಪ್ಪಲಿಲ್ಲ.

ಸೇಲ್ ಆಗಲ್ಲ ಅನ್ನೋದಕ್ಕೆ ಅಂಕಿ ಅಂಶ ಇದೆಯಾ? ಇದೆ, ಆದರೆ ಅದನ್ನು ಪೂರ್ತಿ ಓದಬೇಕು. ಗೇಮ್ ಮಾರುಕಟ್ಟೆಯ ಲೆಕ್ಕ ಇಡುವ ಈಡಾರ್ ಸಂಸ್ಥೆ 669 ಗೇಮ್‌ಗಳನ್ನು ನೋಡಿದ ವಿವರ 2012ರಲ್ಲಿ ಹೊರಬಂತು. ಅಷ್ಟರಲ್ಲಿ ನಾಯಕಿ ಮಾತ್ರ ಇದ್ದ ಗೇಮ್ 24. ಗಂಡು ಹೀರೋ ಇದ್ದವು ಜಾಸ್ತಿ ಮಾರಾಟ ಆಗಿದ್ದು ನಿಜ. ಜೊತೆಗೆ ಇನ್ನೊಂದು ಸಾಲೂ ಅದೇ ವಿವರದಲ್ಲಿತ್ತು. ಗಂಡು ಹೀರೋ ಗೇಮ್‌ನ ಪ್ರಚಾರಕ್ಕೆ 100 ರೂಪಾಯಿ ಹಾಕಿದರೆ ನಾಯಕಿ ಇರುವ ಗೇಮ್‌ಗೆ ಹಾಕಿದ್ದು ಸುಮಾರು 40. ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆಗಾಲಕ್ಕೆ ಮೊದಲು ಒಂದು ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆದು, ಪಕ್ಕದ ತೋಟಕ್ಕೆ ಅರ್ಧಂಬರ್ಧ ಹೊಡೆದು ಬಿಟ್ಟು, ಕೊಳೆರೋಗ ಬಂದ ಮೇಲೆ ಆ ಮರಗಳೇ ಸರಿಯಿಲ್ಲ ಅಂದರೆ ಯಾರಾದರೂ ಒಪ್ಪುತ್ತಾರಾ?

ಪೂರ್ತಿ ದುಡ್ಡು, ಪೂರ್ತಿ ಪ್ರಚಾರ ಕೊಟ್ಟಾಗ ಏನಾಯಿತು ನೋಡಿ. ನೆದರ್ಲೆಂಡ್ಸ್‌ನ ಗೆರಿಲಾ ಸ್ಟುಡಿಯೋ ಮಾಡಿದ ಹೊರೈಜನ್ ಝೀರೋ ಡಾನ್ 2017ರಲ್ಲಿ ಬಂತು. ನಾಯಕಿ ಏಲಾಯ್, ಬಿಲ್ಲು ಹಿಡಿದು ಯಂತ್ರದ ಪ್ರಾಣಿಗಳನ್ನು ಬೇಟೆಯಾಡುವವಳು. ಹೆಣ್ಣು ಹೀರೋ ಬಗ್ಗೆ ಅದನ್ನು ಹೊರತಂದ ಸೋನಿ ಕಂಪನಿಯೊಳಗೂ ಅನುಮಾನ ಇತ್ತು, ಜನರ ಮುಂದಿಟ್ಟು ಪರೀಕ್ಷೆ ಮಾಡಿಸಿ ನೋಡಿದ್ದರು. ಆಮೇಲೆ ಧೈರ್ಯ ಮಾಡಿದರು. 2 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಯಿತು. ಅದಕ್ಕೂ ಬಹಳ ಹಿಂದೆ, 1996ರಲ್ಲೇ, ಇಂಗ್ಲೆಂಡಿನ ಡರ್ಬಿ ಊರಿನ ಒಂದು ಸ್ಟುಡಿಯೋ ಟೂಮ್ ರೈಡರ್ ಮಾಡಿ ಅದರ ನಾಯಕಿ ಲಾರಾ ಕ್ರಾಫ್ಟ್‌ನ್ನು ಮನೆಮಾತು ಮಾಡಿತ್ತು. ಮಾರಾಟ ಆಗಲ್ಲ ಅನ್ನೋ ಮಾತು ಅವತ್ತೇ ಬಿದ್ದು ಹೋಗಬೇಕಿತ್ತು.

ಡಬಲ್ ಖರ್ಚು ಅನ್ನೋ ಮಾತು ಜೋರಾಗಿ ಕೇಳಿಬಂದದ್ದು 2014ರಲ್ಲಿ. ಆ ವರ್ಷ ಯೂಬಿಸಾಫ್ಟ್ ಕಂಪನಿ ಹಂತಕರ ಕಥೆಯ ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ ಗೇಮ್ ತೋರಿಸಿತು. ನಾಲ್ಕು ಜನ ಸೇರಿ ಆಡಬಹುದು, ನಾಲ್ಕೂ ಗಂಡಸರು. ಹೆಣ್ಣು ಪಾತ್ರ ಯಾಕಿಲ್ಲ ಅಂತ ಕೇಳಿದರೆ, ಅನಿಮೇಷನ್ ಡಬಲ್, ದನಿ ಡಬಲ್, ಬಟ್ಟೆಬರೆ ಡಬಲ್, ಸಾವಿರಾರು ಚಲನೆಗಳನ್ನು ಮತ್ತೆ ಮಾಡಬೇಕು ಅಂದರು. ಅದೇ ಸರಣಿಯ ಮೂರನೇ ಗೇಮ್‌ಗೆ ಅನಿಮೇಷನ್ ನಿರ್ದೇಶಕರಾಗಿದ್ದ ಜೊನಾಥನ್ ಕೂಪರ್ ಇದನ್ನು ಒಪ್ಪಲಿಲ್ಲ. ತಮ್ಮ ಅಂದಾಜಿನಲ್ಲಿ ಇದು ಒಂದೆರಡು ದಿನದ ಕೆಲಸ ಅಂತ ಬಹಿರಂಗವಾಗಿ ಹೇಳಿದರು. 2012ರಲ್ಲಿ ಅದೇ ಸರಣಿಯಲ್ಲಿ ಅವೆಲಿನ್ ಅನ್ನೋ ನಾಯಕಿ ಬಂದಿದ್ದಳು, ಅವಳ ಚಲನೆಗಳಲ್ಲಿ ಹಲವು ಗಂಡು ಹೀರೋ ಕಾನರ್‌ನದ್ದೇ. ನನಗೆ ಇನ್ನೂ ಬೇಸರ ಆಗುವುದು ಬೇರೆ ಕಾರಣಕ್ಕೆ. ಯೂನಿಟಿ ಕಥೆ ನಡೆಯುವುದು ಫ್ರೆಂಚ್ ಕ್ರಾಂತಿಯ ಪ್ಯಾರಿಸ್‌ನಲ್ಲಿ. 1793ರಲ್ಲಿ ಅಲ್ಲಿ ಮಾರಾ ಎಂಬ ನಾಯಕನನ್ನು ಕೊಂದದ್ದು ಷಾರ್ಲೆಟ್ ಕಾರ್ಡೇ ಎಂಬ ಹೆಣ್ಣುಮಗಳು. ಆ ಕಾಲದ ಅತ್ಯಂತ ಪ್ರಸಿದ್ಧ ಹಂತಕಿಯೇ ಹೆಂಗಸು, ಹಂತಕರ ಗೇಮ್‌ನಲ್ಲಿ ಹೆಂಗಸಿಗೆ ಜಾಗ ಇಲ್ಲ.

ನಾನು ಶಿವಮೊಗ್ಗದಲ್ಲಿ ಹುಡುಗ ಹುಡುಗಿಯರಿಗೆ ಅನಿಮೇಷನ್ ಹೇಳಿಕೊಡುವವನು. ಈ ಖರ್ಚಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಅಕ್ಕನ ಮಗನಿಗೂ ತೋರಿಸಿ. ಗೇಮ್ ಪಾತ್ರದ ಒಳಗೆ ಮೂಳೆಗಳ ಒಂದು ಗೂಡು ಇರುತ್ತದೆ, ಅದಕ್ಕೆ ರಿಗ್ ಅನ್ನುತ್ತೇವೆ. ನಡೆಯುವುದು, ಹಾರುವುದು, ಗೋಡೆ ಹತ್ತುವುದು, ಇವೆಲ್ಲ ಯಾವ ಫ್ರೇಮ್‌ನಲ್ಲಿ ಯಾವ ಮೂಳೆ ಎಷ್ಟು ತಿರುಗಬೇಕು ಅನ್ನೋ ಲೆಕ್ಕ ಅಷ್ಟೇ. ಆ ಲೆಕ್ಕವನ್ನು ಎತ್ತಿ ಇನ್ನೊಂದು ಗೂಡಿಗೆ ಹಾಕಬಹುದು. ಇದು ರಿಟಾರ್ಗೆಟಿಂಗ್. ಮೊನ್ನೆ ನನ್ನ ವಿದ್ಯಾರ್ಥಿನಿಯೊಬ್ಬಳು ಗಂಡು ಪಾತ್ರದ ನಡಿಗೆಯನ್ನು ಹೆಣ್ಣು ಪಾತ್ರಕ್ಕೆ ಹಾಕಿದಳು. ಭುಜದ ಅಗಲ ಕಡಿಮೆ, ಹಾಗಾಗಿ ಮೊಣಕೈ ಸೊಂಟದೊಳಗೆ ಹೊಕ್ಕಿತು. ಕಾಲು ಗಿಡ್ಡ, ಹಾಗಾಗಿ ಪಾದ ನೆಲದ ಮೇಲೆ ಜಾರಿದಂತೆ ಕಂಡಿತು. ಕೈ ಸ್ವಲ್ಪ ಹೊರಕ್ಕೆ ಸರಿಸಿ, ಹೆಜ್ಜೆಯ ಉದ್ದ ತಗ್ಗಿಸಿ, ಪಾದವನ್ನು ನೆಲಕ್ಕೆ ಬಿಗಿದಳು. ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ನಡಿಗೆ ಸರಿಹೋಗಿತ್ತು.

ನಿಜವಾದ ಖರ್ಚು ಬೇರೆ ಕಡೆ ಇದೆ. ಉದ್ದ ಕೂದಲು, ಸೆರಗು, ಲಂಗ ಇವೆಲ್ಲ ಓಡುವಾಗ ಹಾರಾಡಬೇಕು, ಮೈಯೊಳಗೆ ತೂರಬಾರದು. ಡೈಲಾಗ್‌ಗೆ ಇನ್ನೊಬ್ಬ ಕಲಾವಿದೆ ಬೇಕು. ಇಬ್ಬರು ಎದುರುಬದುರು ನಿಂತು ಮಾತಾಡುವ ದೃಶ್ಯದಲ್ಲಿ ಎತ್ತರ ಬದಲಾದರೆ ಕಣ್ಣ ನೋಟವೂ ಬದಲಾಗಬೇಕು. ಇದನ್ನೆಲ್ಲ ಮೊದಲ ದಿನವೇ ಲೆಕ್ಕಕ್ಕೆ ಹಿಡಿದರೆ ಎರಡು ಪಾತ್ರಕ್ಕೂ ಹೊಂದುವ ಒಂದೇ ಗೂಡು ಮಾಡಿಕೊಳ್ಳಬಹುದು, ಖರ್ಚು ಹಿಡಿತಕ್ಕೆ ಬರುತ್ತದೆ. ಗೇಮ್ ಮುಗಿಯುವ ಹೊತ್ತಿಗೆ ನೆನಪಾದರೆ ಖಂಡಿತ ದುಬಾರಿ. ಆದ್ದರಿಂದ ಖರ್ಚು ಸುಳ್ಳು ಅಂತ ನಾನು ಹೇಳಲ್ಲ. ತಡವಾಗಿ ನೆನಪಾಗುವುದು ಯಾವಾಗಲೂ ಹೆಣ್ಣೇ ಯಾಕೆ ಅಂತ ಕೇಳುತ್ತೇನೆ.

ಅದೇ ಯೂಬಿಸಾಫ್ಟ್ 2018ರಲ್ಲಿ ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ ತಂದಿತು. ಕಸ್ಸಾಂಡ್ರಾ ಅಥವಾ ಅವಳ ಸೋದರ ಅಲೆಕ್ಸಿಯೋಸ್, ಯಾರನ್ನು ಬೇಕಾದರೂ ಆರಿಸಿಕೊಂಡು ಆಡಬಹುದು. ಮಾಡುವವರಿಗೆ ಕಸ್ಸಾಂಡ್ರಾ ಒಬ್ಬಳೇ ನಾಯಕಿಯಾಗಬೇಕು ಅಂತಿತ್ತು, ಮೇಲಿನವರು ಬಿಡಲಿಲ್ಲ ಅಂತ 2020ರಲ್ಲಿ ಬ್ಲೂಮ್‌ಬರ್ಗ್ ವರದಿ ಮಾಡಿತು. ಡಬ್ಬಿಯ ಮೇಲೆ ನಿಂತವನು ಅಲೆಕ್ಸಿಯೋಸ್.

ಇದೇ ಕಾರಣಕ್ಕೆ 'ಆಯ್ಕೆ ಕೊಟ್ಟಿದ್ದೇವಲ್ಲ, ಜನರೇ ಹುಡುಗನನ್ನು ಆರಿಸುತ್ತಾರೆ' ಅನ್ನೋ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮಾಸ್ ಎಫೆಕ್ಟ್ ಸರಣಿಯಲ್ಲಿ ಶೆಪರ್ಡ್ ಅನ್ನೋ ಸೇನಾನಿ ಗಂಡೂ ಆಗಬಹುದು, ಹೆಣ್ಣೂ ಆಗಬಹುದು. ಹೆಣ್ಣು ಶೆಪರ್ಡ್‌ಗೆ ಜೆನಿಫರ್ ಹೇಲ್ ಕೊಟ್ಟ ದನಿಯನ್ನು ಅಭಿಮಾನಿಗಳು ಇವತ್ತಿಗೂ ಹೊಗಳುತ್ತಾರೆ. 2011ರಲ್ಲಿ ಕಂಪನಿ ಹೇಳಿದ ಲೆಕ್ಕದ ಪ್ರಕಾರ ಅವಳನ್ನು ಆರಿಸಿಕೊಂಡವರು ಶೇ. 18. ಆದರೆ ಅಲ್ಲಿವರೆಗೆ ಡಬ್ಬಿ, ಪೋಸ್ಟರ್, ಟ್ರೇಲರ್ ಎಲ್ಲದರಲ್ಲೂ ಗಂಡು ಮುಖವೇ. ಆಟ ತೆರೆದರೆ ಮೊದಲು ಬರುವುದೂ ಅದೇ. 2012ರಲ್ಲಿ ಅವಳಿಗೂ ಒಂದು ಟ್ರೇಲರ್ ಮಾಡಿದರು. 2021ರಲ್ಲಿ ಮೂರೂ ಗೇಮ್ ಸೇರಿಸಿ ಹೊಸದಾಗಿ ಬಿಟ್ಟಾಗ ಅವಳನ್ನು ಆರಿಸಿದವರು ಶೇ. 32. ಜನರ ಮನಸ್ಸು ಕಲ್ಲಲ್ಲಿ ಕೊರೆದದ್ದಲ್ಲ. ಯಾರನ್ನು ಎದುರಿಗೆ ನಿಲ್ಲಿಸುತ್ತೀರಿ ಅನ್ನೋದರ ಮೇಲೆ ಅದು ಹೊರಳುತ್ತದೆ.

ಹುಡುಗರು ಹುಡುಗಿಯಾಗಿ ಆಡಲ್ಲ ಅನ್ನೋ ಮಾತನ್ನು ಮಲೆನಾಡಿನವರಂತೂ ನಂಬಬಾರದು. ನಮ್ಮಲ್ಲಿ ಯಕ್ಷಗಾನದ ಸ್ತ್ರೀವೇಷ ಗಂಡಸರು ಕಟ್ಟಿಕೊಂಡೇ ಬಂದದ್ದು. ದ್ರೌಪದಿಯೋ ದಮಯಂತಿಯೋ ರಂಗಕ್ಕೆ ಬಂದರೆ ಬೆಳಗಿನ ಜಾವದ ಚಳಿಯಲ್ಲೂ ಗಂಡಸರು ಹೆಂಗಸರು ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿರುತ್ತಾರೆ. ವೇಷ ಕಟ್ಟುವವನಿಗೆ ಅಳುಕಿಲ್ಲ, ನೋಡುವವರಿಗೆ ಅಡ್ಡಿಯಿಲ್ಲ. ಗೇಮ್ ಆಡುವುದೂ ಒಂದು ವೇಷ ಕಟ್ಟುವುದೇ. ಹೆಣ್ಣುಮಕ್ಕಳು ಇಷ್ಟು ವರ್ಷ ಮಾರಿಯೋ ಆಗಿ, ಗೈ ಡೇಂಜರಸ್ ಆಗಿ ಏನೂ ಹೇಳದೆ ಆಡಿದ್ದಾರಲ್ಲ.

ಗೇಮ್ ಮೊದಲಿಂದಲೂ ಹುಡುಗರದ್ದೇ ಆಗಿತ್ತಾ? ಇರಲಿಲ್ಲ. 1980ರಲ್ಲಿ ಪ್ಯಾಕ್‌ಮ್ಯಾನ್ ಮಾಡಿದ ಜಪಾನಿನ ತೋರು ಇವಾತಾನಿ, ಹೆಂಗಸರೂ ಬಂದು ಆಡಲಿ ಅಂತಲೇ ಅದನ್ನು ರೂಪಿಸಿದರು. 1981ರ ಸೆಂಟಿಪೀಡ್ ಗೇಮ್ ಬರೆದವರಲ್ಲಿ ಡೋನಾ ಬೈಲಿ ಅನ್ನೋ ಮಹಿಳೆ ಇದ್ದರು. 1982ರಲ್ಲಿ ಮಿಸ್ ಪ್ಯಾಕ್‌ಮ್ಯಾನ್ ಬಂದು ಭರ್ಜರಿಯಾಗಿ ಓಡಿತು. 1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆ ಕುಸಿಯಿತು. ಆಮೇಲೆ ನಿಂಟೆಂಡೋ ಅನ್ನೋ ಗೇಮ್ ಕಂಪನಿ ಬಂದು ತನ್ನ ಯಂತ್ರವನ್ನು ಆಟಿಕೆ ಅಂತ ಮಾರಿತು. ಆಟಿಕೆ ಅಂಗಡಿಯಲ್ಲಿ ಹುಡುಗರ ಸಾಲು ಬೇರೆ, ಹುಡುಗಿಯರ ಸಾಲು ಬೇರೆ. ಗೇಮ್ ಹೋಗಿ ಹುಡುಗರ ಸಾಲಿನಲ್ಲಿ ಕೂತಿತು, ಜಾಹೀರಾತೂ ಹುಡುಗರ ಕಡೆಗೇ ತಿರುಗಿತು. ಆಡಿ ಬೆಳೆದವರು ಹುಡುಗರು, ಮುಂದೆ ಗೇಮ್ ಮಾಡಲು ಬಂದವರೂ ಅವರೇ. ಗೇಮ್ ತಯಾರಕರ ಅಂತಾರಾಷ್ಟ್ರೀಯ ಸಂಘದ 2005ರ ಸಮೀಕ್ಷೆಯಲ್ಲಿ ಮಹಿಳೆಯರು ಶೇ. 11.5, 2021ರಲ್ಲಿ ಶೇ. 30.

ಆಟಿಕೆ ಅಂಗಡಿಯ ಆ ಸಾಲು ನಮ್ಮಲ್ಲಿ ಸೈಬರ್ ಸೆಂಟರ್ ಆಯಿತು. ಶಿವಮೊಗ್ಗದ ದುರ್ಗಿಗುಡಿ, ನೆಹರೂ ರಸ್ತೆ ಕಡೆ ಆ ಕಾಲದಲ್ಲಿ ಓಡಾಡಿದವರಿಗೆ ನೆನಪಿರಬಹುದು. ಗಂಟೆಗಿಷ್ಟು ಅಂತ ಕೊಟ್ಟು ಕೌಂಟರ್ ಸ್ಟ್ರೈಕ್, ವೈಸ್ ಸಿಟಿ ಆಡುತ್ತಿದ್ದವರು ಹುಡುಗರು. ಹೆಣ್ಣುಮಕ್ಕಳು ಬಂದರೆ ರಿಸಲ್ಟ್ ನೋಡಲಿಕ್ಕೋ ಅರ್ಜಿ ಹಾಕಲಿಕ್ಕೋ ಬಂದು, ಪ್ರಿಂಟ್ ತೆಗೆದುಕೊಂಡು ಹೊರಡುತ್ತಿದ್ದರು. ಈ ಬೇಲಿ ಮುರಿದದ್ದು ಫೋನ್. ಮನೆಯಲ್ಲೇ, ಅಮ್ಮನ ಕೈಯಿಂದಲೇ ಗೇಮ್ ಸಿಕ್ಕಿತು. ನಿಮ್ಮ ಮಗಳು ಆ ಪ್ರಶ್ನೆ ಕೇಳುವ ಹಾಗಾದದ್ದೂ ಅದರಿಂದಲೇ.

ಹೆಣ್ಣು ಪಾತ್ರ ಇದ್ದರೆ ಸಾಕಾ? ಸಾಲದು. ಅವಳಿಗೆ ಏನು ಮಾಡಲು ಬಿಟ್ಟಿದ್ದಾರೆ ಅನ್ನೋದನ್ನೂ ನೋಡಬೇಕು. 1986ರ ಮೆಟ್ರಾಯ್ಡ್ ಗೇಮ್‌ನಲ್ಲಿ ಕವಚ ತೊಟ್ಟ ಯೋಧ ಹೆಂಗಸು ಅಂತ ಗೊತ್ತಾಗುವುದು ಕೊನೆಯಲ್ಲಿ. ಆ ಕಾಲಕ್ಕೆ ದೊಡ್ಡ ವಿಷಯವೇ. ಆದರೆ ಆಟವನ್ನು ಬೇಗ ಮುಗಿಸಿದಷ್ಟೂ ಅವಳ ಮೈಮೇಲಿನ ಬಟ್ಟೆ ಕಡಿಮೆಯಾಗುತ್ತಿತ್ತು, ಅದೇ ಬಹುಮಾನ. ಮಾರಿಯೋನ ರಾಜಕುಮಾರಿ ಪೀಚ್‌ಗೆ 2005ರಲ್ಲಿ ಅವಳದ್ದೇ ಗೇಮ್ ಸಿಕ್ಕಿದಾಗ, ಕೊಟ್ಟ ಶಕ್ತಿಗಳು ಅಳು, ಸಿಟ್ಟು, ಸಂತೋಷ, ಶಾಂತಿ. ಜೆಲ್ಡಾ ಅನ್ನೋ ರಾಜಕುಮಾರಿಯ ಹೆಸರಿನ ಸರಣಿ ಶುರುವಾದದ್ದು 1986ರಲ್ಲಿ. ಮುಖ್ಯ ಸರಣಿಯಲ್ಲಿ ಜೆಲ್ಡಾಳೇ ನಾಯಕಿಯಾದದ್ದು 2024ರಲ್ಲಿ. ಇದನ್ನೆಲ್ಲ ನೋಡುವಾಗ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡಲ್ಲ.

ಸಂತೋಷ ಕೊಡುವ ಒಂದು ಘಟನೆಯೂ ಇದೆ. 2013ರಲ್ಲಿ ಮೈಕ್ ಮೈಕಾ ಅನ್ನೋ ಗೇಮ್ ತಯಾರಕರ ಮೂರು ವರ್ಷದ ಮಗಳು ಪಾಲೀನ್ ಅನ್ನೋ ಹೆಂಗಸನ್ನು ಮಾರಿಯೋ ಬಿಡಿಸುವ 1981ರ ಡಾಂಕಿ ಕಾಂಗ್ ಆಡುತ್ತಾ, ತಾನು ಹುಡುಗಿಯಾಗಿ ಮಾರಿಯೋನನ್ನು ಬಿಡಿಸಬೇಕು ಅಂದಳು. ಅಪ್ಪ ರಾತ್ರಿ ಕೂತು ಆ ಹಳೇ ಗೇಮ್‌ನ್ನು ತಿದ್ದಿ, ಕೂಡಿಹಾಕಿದ್ದ ಪಾಲೀನ್‌ನ್ನೇ ಬಿಡಿಸುವವಳನ್ನಾಗಿ ಮಾಡಿ, ಬೆಳಗ್ಗೆ ಮಗಳ ಕೈಗೆ ಕೊಟ್ಟರು.

ಈಗ ಯಾವ ಗೇಮ್ ಕೊಡಬಹುದು ಅನ್ನೋ ವಿಷಯ. ಮೇಲೆ ಹೇಳಿದ ದಿ ಲಾಸ್ಟ್ ಆಫ್ ಅಸ್, ಹೊಸ ಟೂಮ್ ರೈಡರ್ ಇವು ದೊಡ್ಡವರಿಗೆ, ರಕ್ತಪಾತ ಜಾಸ್ತಿ. ಈಗ ಬೇಡ. ಫೋನ್‌ಗೆ ಮಾನ್ಯುಮೆಂಟ್ ವ್ಯಾಲಿ ತುಂಬ ಒಳ್ಳೇದು. 2014ರದ್ದು, ಇಡಾ ಅನ್ನೋ ರಾಜಕುಮಾರಿ ಕಣ್ಣಿಗೆ ಮೋಸ ಮಾಡುವ ಕಟ್ಟಡಗಳಲ್ಲಿ ದಾರಿ ಹುಡುಕುತ್ತಾಳೆ. 2017ರ ಎರಡನೇ ಭಾಗ ಒಬ್ಬ ತಾಯಿ ಮತ್ತು ಮಗಳದ್ದು, ಅದನ್ನು ನೀವಿಬ್ಬರೂ ಒಟ್ಟಿಗೆ ಕೂತು ಆಡಿ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ 2018ರ ಸೆಲೆಸ್ಟ್, ಬೆಟ್ಟ ಹತ್ತುವ ಹುಡುಗಿಯ ಗೇಮ್. ಕಷ್ಟ ಇದೆ, ನೂರಾರು ಸಲ ಬೀಳುತ್ತಾಳೆ, ಆದರೂ ಬಿಡಲು ಮನಸ್ಸಾಗಲ್ಲ. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ರಾಜಿ ಅನ್ನೋ ಗೇಮ್ ಮಾಡಿದೆ. ಅಕ್ಕ ತ್ರಿಶೂಲ ಹಿಡಿದು ತಮ್ಮನನ್ನು ಹುಡುಕಿಕೊಂಡು ಹೋಗುವ ಕಥೆ. ಕಾದಾಟ ಇದೆ, ಒಂದೆರಡು ವರ್ಷ ಬಿಟ್ಟು ಕೊಟ್ಟರೂ ಆಗುತ್ತದೆ. 2023ರ ವೆಣ್ಬಾ ನನಗೆ ವೈಯಕ್ತಿಕವಾಗಿ ಬಹಳ ಇಷ್ಟ. ಕೆನಡಾಕ್ಕೆ ಹೋದ ತಮಿಳು ತಾಯಿಯೊಬ್ಬಳ ಕಥೆ. ಹರಿದುಹೋದ ಅಡುಗೆ ಪುಸ್ತಕ ನೋಡಿಕೊಂಡು ನಾವೇ ಇಡ್ಲಿ ಮಾಡಬೇಕು. ಕತ್ತಿ ಹಿಡಿಯದ ಒಬ್ಬ ಅಮ್ಮನನ್ನು ನಾಯಕಿ ಮಾಡಿ ಗೆದ್ದಿದ್ದಾರೆ.

ಚೆನ್ನಮ್ಮನ ಗೇಮ್? ಖಂಡಿತ ಆಗುತ್ತದೆ. ಸ್ಕ್ರ್ಯಾಚ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ಅಮೆರಿಕದ ಎಂಐಟಿಯಲ್ಲಿ ಮಕ್ಕಳಿಗಾಗಿಯೇ ಮಾಡಿದ್ದು. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲಲ್ಲ. ತೆರೆದ ಕೂಡಲೇ ಅದರಲ್ಲಿ ಒಂದು ಬೆಕ್ಕು ಇರುತ್ತದೆ. ಅದನ್ನು ಅಳಿಸಿ ಅವಳು ತನ್ನ ರಾಣಿಯನ್ನು ಬರೆದುಕೊಳ್ಳಲಿ. ಕೈಬರಹದ ಚಿತ್ರವನ್ನು ಫೋಟೋ ತೆಗೆದು ಹಾಕಿದರೂ ನಡೆಯುತ್ತದೆ.

ಕಥೆಗೆ ಅವಳು ದೂರ ಹೋಗಬೇಕಿಲ್ಲ. ಗಂಡ ಸೋಮಶೇಖರ ನಾಯಕ ತೀರಿಕೊಂಡ ಮೇಲೆ ಚೆನ್ನಮ್ಮ 17ನೇ ಶತಮಾನದ ಕೊನೆಯಲ್ಲಿ ಸುಮಾರು 25 ವರ್ಷ ಬಿದನೂರಿನಿಂದ ಆಳಿದಳು. ಶಿವಾಜಿಯ ಮಗ ರಾಜಾರಾಮ ಮೊಘಲರಿಂದ ತಪ್ಪಿಸಿಕೊಂಡು ವೇಷ ಮರೆಸಿ ಬಂದಾಗ ಆಸರೆ ಕೊಟ್ಟಳು. ಅದಕ್ಕಾಗಿ ಔರಂಗಜೇಬನ ಸೈನ್ಯವನ್ನೂ ಎದುರಿಸಿದಳು. ಗೇಮ್ ಮಾಡುವವರ ಕಣ್ಣಿಂದ ನೋಡಿದರೆ ಇದರಲ್ಲಿ ಒಳ್ಳೇ ಆಟ ಇದೆ. ಹೆಣ್ಣು ಕಾಪಾಡುವವಳು, ಕಾಪಾಡಿಸಿಕೊಳ್ಳುವವನು ರಾಜಕುಮಾರ. ಬರೀ ಕತ್ತಿ ಬೀಸುವ ಆಟ ಬೇಡ ಅನ್ನಿ. ಆಸರೆ ಕೊಡಬೇಕೋ ಬೇಡವೋ, ಸೈನ್ಯವನ್ನು ಯಾವ ಕಾಡುದಾರಿಗೆ ಎಳೆಯಬೇಕು, ರಾಜಾರಾಮನನ್ನು ಯಾವ ಹೊತ್ತಿನಲ್ಲಿ ದಾಟಿಸಬೇಕು, ಇವು ಆಡುವವರ ಕೈಯಲ್ಲಿರಲಿ. ಮಳೆ ಬಂದರೆ ಶತ್ರುವಿನ ಕುದುರೆ ನಿಧಾನ, ಮಂಜು ಕವಿದರೆ ಕಾವಲುಗಾರನಿಗೆ ಕಾಣಲ್ಲ, ಇಂಬಳ (ಜಿಗಣೆ) ಹತ್ತಿದರೆ ಪ್ರಾಣದ ಅಂಕ ಇಳಿಯುತ್ತದೆ. ಇಂಬಳದ ಬಗ್ಗೆ ನಿಮ್ಮ ಮಗಳಿಗೆ ತಿಳಿದಷ್ಟು ಯಾವ ದೊಡ್ಡ ಸ್ಟುಡಿಯೋಗೂ ತಿಳಿದಿಲ್ಲ.

ಒಂದು ಭಾನುವಾರ ಕವಲೇದುರ್ಗಕ್ಕೆ ಕರೆದುಕೊಂಡು ಹೋಗಿ, ನಿಮ್ಮ ತಾಲ್ಲೂಕಿನದ್ದೇ, ಕೆಳದಿಯವರ ಕೋಟೆ. ಒಂದು ಬಾಗಿಲು ದಾಟಿದರೆ ಮೇಲೆ ಇನ್ನೊಂದು ಬಾಗಿಲು. ಒಂದೊಂದು ಬಾಗಿಲೂ ಗೇಮ್‌ನ ಒಂದೊಂದು ಲೆವೆಲ್ ಆಗಬಹುದು. ನೋಟ್‌ಬುಕ್‌ನಲ್ಲಿ ನಕ್ಷೆ ಬರೆದುಕೊಳ್ಳಲಿ. ಆದರೆ ಪೂರ್ತಿ ಕೋಟೆಗೆ ಕೈ ಹಾಕಬಾರದು, ಮಕ್ಕಳು ಅಲ್ಲೇ ಸೋತು ಬಿಡುತ್ತಾರೆ. ಮೊದಲು ಒಂದೇ ಬಾಗಿಲು, ಒಬ್ಬ ಕಾವಲುಗಾರ, ಎಡ ಬಲ ಓಡಾಟ ಮತ್ತು ಬಚ್ಚಿಟ್ಟುಕೊಳ್ಳುವುದು. ಅಷ್ಟು ಆದ ಮೇಲೆ ಕ್ಲಾಸಿನ ಇಬ್ಬರು ಹುಡುಗಿಯರಿಗೆ, ಇಬ್ಬರು ಹುಡುಗರಿಗೆ ಆಡಲು ಕೊಡಲಿ. ಆಡುವಾಗ ಪಕ್ಕದಲ್ಲಿ ಕೂತು ಹಾಗೆ ಮಾಡು ಹೀಗೆ ಮಾಡು ಅಂತ ಹೇಳಿಕೊಡಬಾರದು. ಎಲ್ಲಿ ಸಿಕ್ಕಿಕೊಂಡರು, ಎಲ್ಲಿ ನಕ್ಕರು, ಯಾವಾಗ ಬೇಜಾರಾಗಿ ಬಿಟ್ಟರು ಅನ್ನೋದನ್ನು ಬರೆದುಕೊಳ್ಳಲಿ. ನಾಲ್ವರೂ ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಆ ಜಾಗ ಸರಿ ಮಾಡಿ, ಆಮೇಲೆ ಎರಡನೇ ಬಾಗಿಲು ಶುರು ಮಾಡಲಿ.